ಗಾಳಿ ನುಗ್ಗದ ತೆಳು ಕೈಗವಸನ್ನು ಆರಿಸುವ ಬಗ್ಗೆ ಮತ್ತು ಅದನ್ನು ಕೈಚೀಲ ಎಂದು ಬರೆಯದಿರುವ ಬಗ್ಗೆ

………………… ಇಲಾಖೆ
(ಇಲಾಖೆಯ ಹೆಸರು ಬದಲಾಯಿಸುವ ಪ್ರಸ್ತಾವನೆ ಮೇಲಿನ ಕಚೇರಿಯಲ್ಲಿ ಬಾಕಿ ಇದೆ. ಹಳೆಯ ಹೆಸರು ಬಳಸಕೂಡದು, ಹೊಸ ಹೆಸರು ಬಂದಿಲ್ಲ. ಆದ್ದರಿಂದ ಚುಕ್ಕಿ ಇಡಲಾಗಿದೆ.)
ಸಾಲುಮರ ಎಣಿಕೆ ವಿಭಾಗ, ಹಳೇಬೀಡು

ಸಂಖ್ಯೆ: ಸಾ.ಮ.ಎ/ಕೈ.ಗ/ಚಳಿ/೩/೨೦೨೫-೨೬
ದಿನಾಂಕ: ೩೦.೧೨.೨೦೨೫

ಸುತ್ತೋಲೆ

ವಿಷಯ: ಸೈಕಲ್ ಮೇಲೆ ಕರ್ತವ್ಯ ನಿರ್ವಹಿಸುವ ಸಿಬ್ಬಂದಿಗೆ ಚಳಿಗಾಲದಲ್ಲಿ ಗಾಳಿ ನುಗ್ಗದ ತೆಳು ಕೈಗವಸು ಆರಿಸುವ ಕ್ರಮ, ಹಾಗೂ ಕ್ಷೇತ್ರ ಸಹಾಯಕಿ ಮುತ್ತಮ್ಮ ಅವರು ಇದ್ದಾರೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಕುರಿತು.

ಉಲ್ಲೇಖ:
೧. ಜೀಪು ನಿಲ್ಲಿಸಿ ಸೈಕಲ್ ಹತ್ತುವಂತೆ ಮೇಲಿನ ಕಚೇರಿಯಿಂದ ಬಂದ ಜ್ಞಾಪನ.
೨. ವಿಷಯ ನಿರ್ವಾಹಕ ಇಂದುಧರ ಅವರು ಕಳುಹಿಸಿದ ಬೇಡಿಕೆ ಪತ್ರ (ಕಳುಹಿಸಬಾರದಾಗಿತ್ತು).
೩. ಮುತ್ತಮ್ಮ ಅವರು ಕಚೇರಿಯ ಮೆಟ್ಟಿಲ ಮೇಲೆ ನಿಂತು ನೀಡಿದ ಮೌಖಿಕ ದೂರು. ಎದುರಿನ ಹೋಟೆಲಿನವರಿಗೂ ಕೇಳಿಸಿದೆ.
೪. ಮೂಡಗಾಳಿ.

ಪ್ರಸ್ತಾವನೆ:

ಈ ವಿಭಾಗದ ಕೆಲಸ ಏನೆಂದು ಗೊತ್ತಿಲ್ಲದವರು ವಿಭಾಗದ ಒಳಗೇ ಇರುವುದು ಗಮನಕ್ಕೆ ಬಂದಿರುವುದರಿಂದ ಮೊದಲು ಅದನ್ನು ತಿಳಿಸಲಾಗಿದೆ. ಅರಸೀಕೆರೆಯಿಂದ ಬಾಣಾವರದ ಕಡೆಗೂ ಹಳೇಬೀಡಿನಿಂದ ಬೇಲೂರಿನ ಕಡೆಗೂ ಹೋಗುವ ರಸ್ತೆಗಳ ಬದಿಯ ಮರಗಳನ್ನು ಯಾರೂ ಕಡಿದು ಲಾರಿಗೆ ತುಂಬಿಕೊಂಡು ಹೋಗಿಲ್ಲವೆಂದು ಪ್ರತಿದಿನ ಬೆಳಿಗ್ಗೆ ಹೋಗಿ ನೋಡುವುದು ಈ ವಿಭಾಗದ ಕೆಲಸ. ನೋಡಿದ ಗುರುತಿಗೆ ಮರದ ಬೊಡ್ಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯತಕ್ಕದ್ದು. ಗೀಟು ಬಿದ್ದರೆ ಮರ ಹಾಜರು. ಇಷ್ಟೇ ಕೆಲಸ. ಇದರಲ್ಲಿ ಅರ್ಥವಾಗದಿರುವಂಥದ್ದು ಏನೂ ಇಲ್ಲ.

ಮೊದಲು ಈ ಕೆಲಸಕ್ಕೆ ಜೀಪು ಇತ್ತು. ಇಂಧನ ಉಳಿತಾಯದ ದೃಷ್ಟಿಯಿಂದ ಅದನ್ನು ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ ನಿಲ್ಲಿಸಲಾಗಿದೆ. ಚಾಲಕರ ಸೀಟಿನಲ್ಲಿ ಸದ್ಯ ಒಂದು ಕೋಳಿ ಕಾವಿಗೆ ಕುಳಿತಿದೆ. ಆ ಕೋಳಿ ಇಲಾಖೆಯದ್ದಲ್ಲ. ಸಿಬ್ಬಂದಿಗೆ ಸೈಕಲ್ ಕೊಡಲಾಗಿದೆ.

ಮರಗಳ ಹಾಜರಾತಿ ಸೀಮೆಸುಣ್ಣದಲ್ಲಿ ಆದರೆ, ಸಿಬ್ಬಂದಿಯ ಹಾಜರಾತಿ ಬೆರಳಚ್ಚು ಯಂತ್ರದಲ್ಲಿ. ಇದಕ್ಕೆ ಕಚೇರಿಯಲ್ಲಿ ‘ಥಂಬ್ ಕೊಡುವುದು’ ಎನ್ನುತ್ತಾರೆ. ಯಂತ್ರವು ಬೆರಳನ್ನು ಒಪ್ಪಿದರೆ ‘ಥ್ಯಾಂಕ್ ಯೂ’ ಎನ್ನುತ್ತದೆ, ಒಪ್ಪದಿದ್ದರೆ ‘ಪ್ಲೀಸ್ ಟ್ರೈ ಅಗೇನ್’ ಎನ್ನುತ್ತದೆ. ಧನುರ್ಮಾಸದ ಮೂಡಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದವರ ಬೆರಳು ಮರಗಟ್ಟಿ, ಗೆರೆಗಳು ಒಡೆದು, ಸುಗ್ಗಿ ಮುಗಿದ ಗದ್ದೆಯ ನೆಲದಂತೆ ಆಗಿರುತ್ತದೆ. ಯಂತ್ರವು ಅದನ್ನು ಬೆರಳೆಂದು ಒಪ್ಪುವುದಿಲ್ಲ. (ಬೆರಳು ‘ಮರಗಟ್ಟಿದ’ ಪಕ್ಷದಲ್ಲಿ ಅದನ್ನೂ ಮರಗಳ ಎಣಿಕೆಗೆ ಸೇರಿಸಬೇಕೆ ಎಂದು ಇಂದುಧರ ಅವರು ಸ್ಪಷ್ಟೀಕರಣ ಕೋರಿದ್ದಾರೆ. ಬೇಡ.)

ಇದರಿಂದ ಹೆಚ್ಚು ತೊಂದರೆಗೆ ಒಳಗಾದವರು ಬಸ್ತಿಹಳ್ಳಿಯ ಮುತ್ತಮ್ಮ. ಹಳೇಬೀಡು–ಬೇಲೂರು ರಸ್ತೆಯ ಮರಗಳು ಇವರ ಪಾಲಿಗೆ ಬಂದಿವೆ. ಇವರ ಪರೀಕ್ಷಾರ್ಥ ಅವಧಿ ನಾಳೆಗೆ ಮುಗಿಯುತ್ತದೆ. ಗೈರುಹಾಜರಿ ಇಲ್ಲದಿದ್ದರೆ ಕೆಲಸ ಕಾಯಂ. ಇದ್ದರೆ ಸೈಕಲ್ ಒಪ್ಪಿಸಿ ಮನೆಗೆ ಹೋಗತಕ್ಕದ್ದು. ಧನುರ್ಮಾಸ ಹಿಡಿದಾಗಿನಿಂದ ಮೊನ್ನೆಯವರೆಗೆ ಯಂತ್ರವು ಇವರನ್ನು ಒಂದು ದಿನವೂ ಹಾಜರು ಎಂದಿಲ್ಲ. ಇವರು ಎಣಿಸಿದ ಮರಗಳೆಲ್ಲ ಹಾಜರು. ಎಣಿಸಿದವರು ಗೈರುಹಾಜರು. ಈ ಬಗ್ಗೆ ಇವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ನೋಡಿ ಸಾ, ನಾನು ಇಲ್ಲೇ ನಿಂತಿವ್ನಿ. ನೀವು ನೋಡ್ತಾ ಇದೀರ, ಇಂದುಧರಪ್ಪಾರು ನೋಡ್ತಾವ್ರೆ, ಬಾಗ್ಲಲ್ಲಿ ಮಲ್ಗಿರೋ ನಾಯಿನೂ ನೋಡ್ತಾ ಐತೆ. ಈ ಡಬ್ಬಿ ಒಂದಕ್ಕೆ ನಾನು ಕಾಣಾಕಿಲ್ವಾ? ಟ್ರೈ ಅಗೇನು ಟ್ರೈ ಅಗೇನು ಅಂತೈತೆ. ಎಷ್ಟ್ ಸಲ ಒತ್ಲಿ? ಹೆಬ್ಬೆಟ್ಟೇ ಸವ್ದೋಯ್ತು.”

ಹೇಳಿಕೆಯ ಉಳಿದ ಭಾಗವು ಯಂತ್ರ ತಯಾರಿಸಿದವರ ವಂಶಕ್ಕೆ ಸಂಬಂಧಿಸಿರುವುದರಿಂದ ಕೈಬಿಡಲಾಗಿದೆ.

ಈ ಎಲ್ಲವನ್ನೂ ಪರಿಶೀಲಿಸಿ, ಸಿಬ್ಬಂದಿಯ ಬೆರಳುಗಳನ್ನು ಬೆರಳುಗಳಾಗಿಯೇ ಕಚೇರಿಗೆ ತಲುಪಿಸುವುದು ಅಗತ್ಯವೆಂದು ಮನಗಂಡು, ಈ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

೧. ಕೈಗವಸನ್ನು ಕೈಗವಸು ಎಂದೇ ಬರೆಯತಕ್ಕದ್ದು. ಇದನ್ನು ಮೊದಲನೆಯ ಅಂಶವಾಗಿ ಇಡಲು ಕಾರಣವಿದೆ. ಈ ಹಿಂದೆ ಕಳುಹಿಸಿದ ಬೇಡಿಕೆ ಪತ್ರದ ಕರಡಿನಲ್ಲಿ ‘ಕೈಗವಸು’ ಎಂದೇ ಇತ್ತು. ಅದನ್ನು ಹೊಡೆದುಹಾಕಿ ‘ಕೈಚೀಲ’ ಎಂದು ತಿದ್ದಲಾಗಿದೆ. ತಿದ್ದಿದವರು ಯಾರೆಂಬುದನ್ನು ಈ ಸುತ್ತೋಲೆಯಲ್ಲಿ ಬಹಿರಂಗಪಡಿಸುವುದಿಲ್ಲ. ಇಂದುಧರ ಅವರು ಮುಂದೆ ಹೀಗೆ ಮಾಡಕೂಡದು.

ತಿದ್ದಿದ ನಂತರ ಬೇಡಿಕೆಯು ‘ತೆಳುವಾದ, ಗಾಳಿ ನುಗ್ಗದ ಕೈಚೀಲಗಳು’ ಎಂದಾಯಿತು. ಸರಬರಾಜುದಾರರು ಒಂದು ದೊಡ್ಡ ಕಟ್ಟು ತೆಳು ಪ್ಲಾಸ್ಟಿಕ್ ಚೀಲಗಳನ್ನು ತಂದು ಇಳಿಸಿ ಹೋದರು. ಅಂಗಡಿಯಲ್ಲಿ ಸೊಪ್ಪು ತುಂಬಿ ಕೊಡುತ್ತಿದ್ದಂಥವು, ಈಗ ಕೊಡಬಾರದೆಂದು ನಿಷೇಧವಾಗಿರುವಂಥವು. ತೆಳು ಹೌದು. ಗಾಳಿ ನುಗ್ಗುವುದಿಲ್ಲ. ಕೈಚೀಲವೂ ಹೌದು. ಸರಬರಾಜಿನಲ್ಲಿ ತಪ್ಪು ಹಿಡಿಯಲು ಈ ಕಚೇರಿಗೆ ಸಾಧ್ಯವಾಗಿಲ್ಲ.

ಚೀಲ ಪಡೆಯಲು ಅರಸೀಕೆರೆ ಶಾಖೆಯಿಂದ ಬಂದಿದ್ದ ಕ್ಷೇತ್ರ ಸಹಾಯಕ ಕೆಂಚಪ್ಪ ಅವರಿಗೂ ಇಂದುಧರ ಅವರಿಗೂ ಈ ಸಂದರ್ಭದಲ್ಲಿ ನಡೆದ ಪದಚರ್ಚೆಯನ್ನು ಮುಂದಿನವರ ತಿಳಿವಳಿಕೆಗಾಗಿ ಇಲ್ಲಿ ಕೊಡಲಾಗಿದೆ. ಇಬ್ಬರೂ ಒಂದೇ ಊರಿನವರಾದ್ದರಿಂದ ಭಾಷೆಯನ್ನು ಮನ್ನಿಸತಕ್ಕದ್ದು.

ಕೆಂಚಪ್ಪ: “ಏನ್ಲಾ ಇಂದುಧರ, ಇದ್ರೊಳಗೆ ಕೈ ಇಕ್ಲೋ, ಇಲ್ಲ ಟಮಾಟೆ ತರ್ಲೋ?”

ಇಂದುಧರ: “ಕಾಲಿಗೆ ಹಾಕೋದು ಕಾಲುಚೀಲ ಆದ್ರೆ ಕೈಗೆ ಹಾಕೋದು ಕೈಚೀಲ ಅಲ್ವೇನ್ಲಾ? ವ್ಯಾಕರಣ ಕಣೋ ಅದು.”

ಕೆಂಚಪ್ಪ: “ಹಂಗಾದ್ರೆ ಟೋಪಿಗೆ ತಲೆಚೀಲ ಅನ್ನು. ನೀನು ನಮ್ಗೆಲ್ಲ ಹಾಕಿರೋದು ಅದ್ನೇಯ.”

ಇಬ್ಬರಿಗೂ ಎಚ್ಚರಿಕೆ ನೀಡಲಾಗಿದೆ. ಆದರೂ ಕೆಂಚಪ್ಪ ಅವರ ಮಾತಿನಲ್ಲಿ ತಥ್ಯವಿದೆ ಎಂದು ಕಡತದಲ್ಲಿ ಷರಾ ಬರೆಯಲಾಗಿದೆ.

೨. ಕಾಲುಚೀಲವನ್ನು ಕೈಗೆ ಹಾಕಿಕೊಂಡ ಮಾತ್ರಕ್ಕೆ ಅದು ಕೈಗವಸು ಆಗುವುದಿಲ್ಲ. ಕಾಲುಚೀಲವಾಗಿಯೇ ಇರುತ್ತದೆ. ಹಾಗೆ ಹಾಕಿಕೊಂಡವರು ಕಚೇರಿಗೆ ಬಂದ ಕೂಡಲೇ ಕಾಫಿ ಲೋಟ ಮುಟ್ಟುವುದನ್ನು ನಿಷೇಧಿಸಲಾಗಿದೆ.

೩. ಬಂದ ಪ್ಲಾಸ್ಟಿಕ್ ಚೀಲಗಳನ್ನು ಕೈಗೆ ಕಟ್ಟಿಕೊಳ್ಳಕೂಡದು. ಬೇರೆ ದಾರಿಯಿಲ್ಲದೆ ಮುತ್ತಮ್ಮ ಅವರು ಎರಡೂ ಕೈಗೆ ಒಂದೊಂದು ಚೀಲ ಹಾಕಿ, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡು ಕರ್ತವ್ಯಕ್ಕೆ ಹೊರಟಿದ್ದರು. ನಲ್ಲಿಯ ಬಳಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಹೆಂಗಸರಲ್ಲಿ ಒಬ್ಬರು, “ಏನೇ ಮುತ್ತಮ್ಮ, ಕೈನ ಪ್ಯಾಕ್ ಮಾಡ್ಕಂಡು ಸಂತೆಗೆ ಹೊಂಟಿದೀಯಾ?” ಎಂದು ಕೇಳಿದ್ದಾರೆ. ಅದಕ್ಕೆ ಇವರು, “ಊಂ ಕಣಕ್ಕ. ಕೆಲ್ಸ ಹೋದ್ಮೇಲೆ ಇವ್ನ ಇಟ್ಕಂಡು ಏನ್ ಮಾಡ್ಲಿ, ಯಾರಾದ್ರೂ ತಗಂಡ್ರೆ ಕೊಟ್ಬತ್ತೀನಿ” ಎಂದು ಉತ್ತರಿಸಿದ್ದಾರೆ. ಎಲ್ಲರೂ ನಕ್ಕರೆಂದು ವರದಿಯಾಗಿದೆ. ಮುತ್ತಮ್ಮ ಅವರು ನಗಲಿಲ್ಲವೆಂದೂ ವರದಿಯಾಗಿದೆ.

ಚೀಲದೊಳಗೆ ಗಾಳಿ ಹೋಗಲಿಲ್ಲ, ನಿಜ. ಆದರೆ ಒಳಗಿನಿಂದಲೂ ಏನೂ ಹೊರಗೆ ಬರಲಿಲ್ಲ. ತುಳಿದು ತುಳಿದು ಕೈ ಬೆವತು, ಕಚೇರಿಗೆ ಬಂದು ಬಿಚ್ಚಿದಾಗ ಬೆರಳುಗಳು ಬೆಳಗಿನಿಂದ ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕುಗಟ್ಟಿದ್ದವು. ಯಂತ್ರವು ಮತ್ತೆ ‘ಟ್ರೈ ಅಗೇನ್’ ಎಂದಿತು. ಇದರಿಂದ ಇಲಾಖೆಯು ಕಲಿತ ಪಾಠವೇನೆಂದರೆ, ಗಾಳಿ ಒಳಗೆ ಬರಕೂಡದು, ಬೆವರು ಹೊರಗೆ ಹೋಗಬೇಕು. ಎರಡನ್ನೂ ಒಂದೇ ಬಟ್ಟೆ ಮಾಡತಕ್ಕದ್ದು. ಅಂಥ ಬಟ್ಟೆ ಉಂಟೇ ಎಂದು ಕೇಳಕೂಡದು. ಉಂಟು.

೪. ಉಲನ್ ಕೈಗವಸು ಧರಿಸಿ ಸೈಕಲ್ ಹತ್ತುವುದನ್ನು ನಿಷೇಧಿಸಲಾಗಿದೆ. ಕೆಂಚಪ್ಪ ಅವರ ಶ್ರೀಮತಿ ಬೋರಮ್ಮ ಅವರು ಕೈಯಾರೆ ಹೆಣೆದುಕೊಟ್ಟ ಕೈಗವಸಿನ ಬಗ್ಗೆ ಈ ಕಚೇರಿಗೆ ಗೌರವವಿದೆ. ಅವರು ಪ್ರತಿ ಹಬ್ಬಕ್ಕೂ ಕಚೇರಿಗೆ ಕಜ್ಜಾಯ ಕಳುಹಿಸುತ್ತಾರೆ, ಅದನ್ನು ಮುಂದುವರಿಸಬಹುದು. ಆದರೆ ಉಲನ್ನಿನ ಗುಣವೇನೆಂದರೆ, ಕೂತರೆ ಬೆಚ್ಚಗೆ, ಸೈಕಲ್ ಹೊರಟರೆ ಪ್ರತಿ ತೂತಿನಲ್ಲೂ ಗಾಳಿ. ಮೇಲಾಗಿ ದಪ್ಪ. ಮಾಲೇಕಲ್ಲಿನ ಹತ್ತಿರದ ಇಳಿಜಾರಿನಲ್ಲಿ ರಾಗಿ ಒಕ್ಕಣೆಗೆಂದು ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹಾಸಿದ್ದುದನ್ನು ಕೆಂಚಪ್ಪ ಅವರು ದೂರದಿಂದಲೇ ಕಂಡಿದ್ದಾರೆ. ಬ್ರೇಕ್ ಹಿಡಿಯಲು ನಿರ್ಧರಿಸಿದ್ದಾರೆ. ನಿರ್ಧಾರವು ಕೈಗವಸನ್ನು ದಾಟಿ ಬ್ರೇಕನ್ನು ಮುಟ್ಟುವಷ್ಟರಲ್ಲಿ ಅವರು ರಾಗಿ ತೆನೆಯೊಳಗಿದ್ದರು.

ರಾಗಿಯ ಒಡತಿ ಗುರುಸಿದ್ದಮ್ಮ ಅವರ ಹೇಳಿಕೆ: “ಏನ್ಲಾ ಕೆಂಚಪ್ಪ, ಒಕ್ಕಣೆಗೆ ಲಾರಿ ಬತ್ತವೆ, ಬಸ್ಸು ಬತ್ತವೆ, ಟ್ಯಾಕ್ಟ್ರು ಬತ್ತವೆ. ನಿನ್ನ ಯಾರ್ಲಾ ಕರುದ್ರು?”

ಕೆಂಚಪ್ಪ ಅವರಿಗಾಗಲಿ ರಾಗಿಗಾಗಲಿ ಹಾನಿಯಾಗಿಲ್ಲ. ಅವರು ಬಿದ್ದ ಭಾಗದಲ್ಲಿ ಕಾಳು ಚೆನ್ನಾಗಿ ಉದುರಿದೆ ಎಂದು ಗುರುಸಿದ್ದಮ್ಮ ಅವರು ನಂತರ ಒಪ್ಪಿದ್ದಾರೆ. ಕೆಂಚಪ್ಪ ಅವರು ನಾಳೆಯೂ ಬರಬಹುದೇ ಎಂದು ಕೇಳಿದ್ದಾರೆ. ಕೋರಿಕೆ ಪರಿಶೀಲನೆಯಲ್ಲಿದೆ.

೫. ಗಾಳಿ ನುಗ್ಗುವುದೋ ಇಲ್ಲವೋ ಎಂದು ಅಂಗಡಿಯವರ ಮಾತು ಕೇಳಿ ನಂಬಕೂಡದು. ಪರೀಕ್ಷಿಸುವ ವಿಧಾನ: ಒಲೆ ಊದುವ ಕೊಳವೆಯ ತುದಿಗೆ ಕೈಗವಸನ್ನು ತೊಡಿಸಿ, ಒಲೆಯ ಬೂದಿಯ ಕಡೆಗೆ ಹಿಡಿದು, ಮನಸ್ಸಿನಲ್ಲಿ ಮೇಲಧಿಕಾರಿಗಳನ್ನು ನೆನೆದು ಜೋರಾಗಿ ಊದತಕ್ಕದ್ದು. ಬೂದಿ ಎದ್ದರೆ ಆ ಕೈಗವಸು ಅನರ್ಹ. ಗ್ಯಾಸ್ ಒಲೆ ಇರುವವರು ಊದುಕೊಳವೆ ಇರುವ ಮನೆಗೆ ಹೋಗಿ ಕೇಳಿಕೊಳ್ಳತಕ್ಕದ್ದು. ಗ್ಯಾಸ್ ಒಲೆಯನ್ನು ಊದಕೂಡದು. ಇದನ್ನು ಬರೆಯಬೇಕಾಗಿ ಬಂದಿರುವುದಕ್ಕೆ ಈ ಕಚೇರಿ ವಿಷಾದಿಸುತ್ತದೆ.

೬. ತೆಳುವಿನ ಪರೀಕ್ಷೆ. ಕೈಗವಸು ಧರಿಸಿಕೊಂಡೇ ಅವರೆಕಾಯಿ ಸುಲಿಯಲು ಬರತಕ್ಕದ್ದು. ಕಾಳನ್ನು ಹಿದುಕಲೂ ಬಂದರೆ ಅದನ್ನು ಉತ್ತಮ ದರ್ಜೆಯ ಕೈಗವಸು ಎಂದು ಪರಿಗಣಿಸಲಾಗುವುದು. ಪರೀಕ್ಷೆಗೆ ಬೇಕಾದ ಅವರೆಕಾಯಿಯನ್ನು ಸಿಬ್ಬಂದಿಯೇ ತರತಕ್ಕದ್ದು, ಹಿದುಕಿದ ಬೇಳೆಯನ್ನು ಕಚೇರಿಗೆ ಒಪ್ಪಿಸತಕ್ಕದ್ದು. ಒಪ್ಪಿಸಿದ ಬೇಳೆ ಏನಾಯಿತು ಎಂದು ಮಾಹಿತಿ ಹಕ್ಕಿನ ಅಡಿ ಅರ್ಜಿ ಹಾಕುವವರು, ಆ ದಿನ ಮಧ್ಯಾಹ್ನ ತಾವೂ ಊಟಕ್ಕೆ ಕುಳಿತಿದ್ದನ್ನು ನೆನಪಿಸಿಕೊಳ್ಳತಕ್ಕದ್ದು.

೭. ಅಳತೆ. ಬೆರಳಿನ ತುದಿಯಲ್ಲಿ ಖಾಲಿ ಬಟ್ಟೆ ಜೋಲಾಡಿದರೆ ಅದು ಬ್ರೇಕಿಗೆ ಸಿಕ್ಕಿಕೊಳ್ಳುತ್ತದೆ. ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಮುಷ್ಟಿ ಕಟ್ಟಿ ಬಿಚ್ಚಿದಾಗ ಹಿಡಿದಂತೆಯೂ ಇರಬೇಕು, ಹಿಡಿಯದಂತೆಯೂ ಇರಬೇಕು. ಮುಂದೆ ಬೆಳೆಯುತ್ತಾರೆ ಎಂದು ಒಂದು ಅಳತೆ ದೊಡ್ಡದು ತರುವ ಪದ್ಧತಿಯು ಶಾಲೆಯ ಸಮವಸ್ತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಈ ಇಲಾಖೆಯಲ್ಲಿ ಯಾರೂ ಇನ್ನು ಬೆಳೆಯುವುದಿಲ್ಲ.

೮. ಮಣಿಕಟ್ಟು ಉದ್ದವಾಗಿದ್ದು ಸ್ವೆಟರಿನ ತೋಳಿನ ಒಳಗೆ ಸೇರತಕ್ಕದ್ದು. ತೋಳಿನ ಮೇಲೆ ಹಾಕಿಕೊಂಡರೆ ಗಾಳಿ ತೋಳಿನಲ್ಲಿ ನುಗ್ಗಿ ಕಂಕುಳಿನವರೆಗೆ ತಪಾಸಣೆ ನಡೆಸುತ್ತದೆ. ಬಳೆ ತೊಡುವವರು ಬಳೆಗಳನ್ನು ಕೈಗವಸಿನ ಮೇಲೆ ತೊಡಬಹುದು. ಅದರಿಂದ ಬೆಲ್ಲು ಕೆಟ್ಟಾಗಲೂ ಸದ್ದಾಗುತ್ತದೆ ಎಂಬುದನ್ನು ಪ್ರಶಂಸೆಯೊಂದಿಗೆ ಗಮನಿಸಲಾಗಿದೆ.

೯. ಥಂಬ್ ಕೊಡಲು ಹೆಬ್ಬೆರಳೊಂದೇ ತಾನೇ ಬೇಕಾಗಿರುವುದು ಎಂದು ಕೈಗವಸಿನ ಹೆಬ್ಬೆರಳನ್ನು ಕತ್ತರಿಸಕೂಡದು. ಹಾಗೆ ಕತ್ತರಿಸಿದ್ದರಿಂದ ಉಳಿದ ಬೆರಳುಗಳು ಬೆಚ್ಚಗಿದ್ದು, ಯಂತ್ರಕ್ಕೆ ಬೇಕಾದ ಬೆರಳು ಮಾತ್ರ ಮರಗಟ್ಟಿದೆ. ಈ ಸಲಹೆಯನ್ನು ಕೊಟ್ಟವರ ಹೆಸರನ್ನು ಅಂಶ ೧ರಲ್ಲಿ ಬಹಿರಂಗಪಡಿಸದೆ ಬಿಡಲಾಗಿದೆ.

೧೦. ಒಳ್ಳೆಯ ಸೈಕಲ್ ಕೈಗವಸಿನ ಹೆಬ್ಬೆರಳಿನ ಹಿಂಬದಿಯಲ್ಲಿ ಮೆತ್ತನೆಯ ಬಟ್ಟೆಯ ತುಂಡೊಂದು ಇರುತ್ತದೆ. ಚಳಿಯಲ್ಲಿ ಅದರ ಉಪಯೋಗ ಏನೆಂಬುದು ಮೂಗಿರುವ ಎಲ್ಲರಿಗೂ ತಿಳಿದಿದೆ. ಸರ್ಕಾರಿ ಭಾಷೆಯಲ್ಲಿ ಅದನ್ನು ಬರೆಯಲು ಬರುವುದಿಲ್ಲ. ಆದರೆ ಆ ಬೆರಳು ಮೇಲೆ ಬರುವಂತೆ ಹಿಡಿದು ಅಧಿಕಾರಿಗಳಿಗೆ ಕಡತ ಕೊಡುವುದನ್ನು ಅಗೌರವವೆಂದು ಪರಿಗಣಿಸಲಾಗುವುದು.

೧೧. ಮೇಲಿನ ಎಲ್ಲ ಲಕ್ಷಣಗಳೂ ಇರುವ ಒಂದು ಜೊತೆ ಕೈಗವಸು ಈ ಮೂರು ಊರುಗಳಲ್ಲಿ ಒಬ್ಬರ ಬಳಿ ಮಾತ್ರ ಇತ್ತು. ಬೇಲೂರು ಶಾಖೆಯ ಕಂಪ್ಯೂಟರ್ ಆಪರೇಟರ್ ಮೇಘಶ್ರೀ ಅವರು ಭಾನುವಾರಗಳಂದು ಯಾರೂ ಆದೇಶ ಮಾಡದಿದ್ದರೂ ಸೈಕಲ್ ತುಳಿಯುತ್ತಾರೆ. ಕಾರಣ ಕೇಳಿ ನೋಟಿಸ್ ನೀಡಲಾಗಿತ್ತು. ಖುಷಿಗೆ ಎಂದು ಉತ್ತರ ಬಂದಿದೆ. ತಮ್ಮ ಕೈಗವಸನ್ನು ಮುತ್ತಮ್ಮ ಅವರಿಗೆ ಕೊಡುತ್ತಾ ಅವರು ಹೇಳಿದ್ದು: “ದಪ್ಪ ಇದ್ರೆ ಬೆಚ್ಚಗಿರತ್ತೆ ಅಂತ ಏನಿಲ್ಲ ಸರ್. ಗಾಳಿ ನಿಂತ್ರೆ ಸಾಕು. ತುಳೀತಾ ಇರ್ತೀವಲ್ವಾ, ಕೈ ತಾನೇ ಬೆಚ್ಚಗಾಗತ್ತೆ. ಮುತ್ತಮ್ಮಕ್ಕ, ಇದು ಹಾಕ್ಕೊಂಡು ಬ್ರೇಕ್ ಹಿಡೀರಿ, ಬರೀ ಕೈಲಿ ಹಿಡಿದ ಹಾಗೇ ಇರತ್ತೆ.”

ನೋಡಲು ಅದು ಕೈಗವಸಿನಂತೆಯೇ ಇರಲಿಲ್ಲ. ಬೆನ್ನಿನ ಬದಿಗೆ ಗಾಳಿ ತಡೆಯುವ ಬಟ್ಟೆ, ಅಂಗೈಗೆ ತೆಳುವಾದ, ಜಾರದ ಬಟ್ಟೆ. ಅಷ್ಟೇ. ಇದು ಚಳಿ ತಡೆಯುವುದೇ ಎಂದು ಈ ಕಚೇರಿಯ ಮುಖ್ಯಸ್ಥರು ಸೇರಿದಂತೆ ಎಲ್ಲರೂ ಕುಹಕವಾಡಿದ್ದರು. ಊದುಕೊಳವೆ ಪರೀಕ್ಷೆಯಲ್ಲಿ ಬೂದಿ ಅಲುಗಲಿಲ್ಲ. ಅವರೆಕಾಯಿ ಪರೀಕ್ಷೆಯಲ್ಲಿ ಹಿದುಕಿದ ಬೇಳೆಯೇ ಬಂತು. ನಿನ್ನೆ ಸೋಮವಾರ ಮುತ್ತಮ್ಮ ಅವರು ಅದನ್ನು ಧರಿಸಿ ಕರ್ತವ್ಯಕ್ಕೆ ಹೋದರು. ಬೇಲೂರಿನ ಕಡೆಯಿಂದ ಮರಳುವಾಗ ಮೂಡಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಕಚೇರಿಗೆ ಬಂದರು. ಬಲಗೈ ಕೈಗವಸು ಕಳಚಿದರು. ಎಲ್ಲರೂ ಕೆಲಸ ಬಿಟ್ಟು ನಿಂತಿದ್ದರು (ಇಂದುಧರ ಅವರು ಮಾಡುತ್ತಿದ್ದ ಕೆಲಸ ಯಾವುದೆಂದು ತಿಳಿದುಬಂದಿಲ್ಲ). ಹೆಬ್ಬೆಟ್ಟು ಇಟ್ಟರು. ಯಂತ್ರವು ‘ಥ್ಯಾಂಕ್ ಯೂ’ ಎಂದಿತು.

ಮುತ್ತಮ್ಮ ಅವರು ಯಂತ್ರಕ್ಕೆ ನೀಡಿದ ಉತ್ತರ: “ಈಗ ಥ್ಯಾಂಕ್ಸ್ ಅಂತೀಯಾ? ಇಷ್ಟ್ ದಿನ ಎಲ್ಲಿಗೋಗಿತ್ತು ನಿನ್ ಮರ್ವಾದೆ?”

ಕಚೇರಿ ವೇಳೆಯಲ್ಲಿ ಚಪ್ಪಾಳೆ ತಟ್ಟಿದವರ ಮೇಲೆ ಕ್ರಮ ಕೈಗೊಳ್ಳಬೇಕಾಗಿತ್ತು. ಮುಖ್ಯಸ್ಥರೂ ತಟ್ಟಿದ್ದರಿಂದ ಕೈಬಿಡಲಾಗಿದೆ.

೧೨. ಹಂಚಿಕೆ. ಇರುವುದು ಒಂದೇ ಜೊತೆ, ಬೇಡಿಕೆ ಇಬ್ಬರದು ಎಂಬ ಕಾರಣಕ್ಕೆ ‘ಬಲಗೈ ಹಳೇಬೀಡಿಗೆ, ಎಡಗೈ ಅರಸೀಕೆರೆಗೆ, ಬೆಲ್ಲು ಎಡಗಡೆ ಇರುವವರಿಗೆ ಆದ್ಯತೆ’ ಎಂದು ಸಿದ್ಧಪಡಿಸಿ ತಂದ ಟಿಪ್ಪಣಿಯನ್ನು ಹರಿದು ಹಾಕಲಾಗಿದೆ. ಜೊತೆ ಎಂದರೆ ಜೊತೆ. ಹೊಸದು ಬರುವವರೆಗೆ ಅದು ಮುತ್ತಮ್ಮ ಅವರ ಕೈಯಲ್ಲೇ ಇರತಕ್ಕದ್ದು. ಕೆಂಚಪ್ಪ ಅವರು ಅಲ್ಲಿಯವರೆಗೆ ಅಂಶ ೪ರಿಂದ ವಿನಾಯಿತಿ ಪಡೆದು, 'ಹೆಂಡತಿ ಹೆಣೆದದ್ದು' ಎಂಬ ಸಮಾಧಾನದಿಂದ ನಿಧಾನವಾಗಿ ತುಳಿಯತಕ್ಕದ್ದು.

೧೩. ಹೊಸ ಬೇಡಿಕೆ ಪತ್ರವನ್ನು ಇಂದು ಕಳುಹಿಸಲಾಗಿದೆ. ಇದರಲ್ಲಿ ‘ಕೈಗವಸು’ ಎಂದು ಬರೆದು, ಅನುಮಾನಕ್ಕೆ ಆಸ್ಪದವಿಲ್ಲದಂತೆ ಪಕ್ಕದಲ್ಲಿ ಕೈಯ ಚಿತ್ರವನ್ನೂ ಬರೆಯಲಾಗಿದೆ. ಚಿತ್ರ ನೋಡಿ ಸರಬರಾಜುದಾರರು ಕೈಯನ್ನೇ ಕಳುಹಿಸಿದರೆ ಸ್ವೀಕರಿಸಕೂಡದು.

೧೪. ಇನ್ನು ಮುಖ್ಯ ವಿಷಯ. ನಿನ್ನೆ ಒಂದು ದಿನ ಯಂತ್ರವು ಥ್ಯಾಂಕ್ ಯೂ ಎಂದ ಮಾತ್ರಕ್ಕೆ ಮುತ್ತಮ್ಮ ಅವರ ಹಿಂದಿನ ಗೈರುಹಾಜರಿ ಅಳಿಸುವುದಿಲ್ಲ. ಮೇಲಿನ ಕಚೇರಿಗೆ ಫೋನು ಮಾಡಿದಾಗ, ಯಂತ್ರ ಹೇಳಿದ್ದೇ ಅಂತಿಮ ಎಂದರು. ಮುತ್ತಮ್ಮ ಅವರು ಗುರುತು ಹಾಕಿದ ಮರಗಳಿವೆಯಲ್ಲ ಎಂದಾಗ, ಮರಗಳ ಸಾಕ್ಷ್ಯ ಸ್ವೀಕಾರಾರ್ಹವಲ್ಲ ಎಂದರು. ಈ ಕಡೆಯಿಂದ ಫೋನನ್ನು ಸ್ವಲ್ಪ ಜೋರಾಗಿ ಇಡಲಾಗಿದೆ. ಫೋನು ದುರಸ್ತಿಯಲ್ಲಿದೆ.

ಆದರೆ ಯಂತ್ರದ ನಿಯಮಗಳ ಕೊನೆಯಲ್ಲಿ, ಯಂತ್ರ ಒಪ್ಪದಿದ್ದಲ್ಲಿ ಕಚೇರಿಯ ಮುಖ್ಯಸ್ಥರು ಖುದ್ದು ಸ್ಥಳಕ್ಕೆ ಹೋಗಿ ನೋಡಿ ಹಾಜರಾತಿ ದೃಢೀಕರಿಸಬಹುದು ಎಂದಿದೆ. ಖುದ್ದು ಎಂದರೆ ಖುದ್ದು. ಜೀಪಿನಲ್ಲಿ ಕೋಳಿ ಇರುವುದರಿಂದ ಮುಖ್ಯಸ್ಥರು ಇಂದು ಬೆಳಿಗ್ಗೆ ಸೈಕಲ್ ಹತ್ತಿ ಮುತ್ತಮ್ಮ ಅವರ ಹಿಂದೆ ಹೊರಟರು. ಇರುವ ಒಂದು ಜೊತೆ ಕೈಗವಸು ಮುತ್ತಮ್ಮ ಅವರ ಕೈಯಲ್ಲಿತ್ತು. “ಹಾಕ್ಕಳಿ ಸಾ, ನಿಮ್ಗೆ ಅಭ್ಯಾಸ ಇಲ್ಲ” ಎಂದು ಅವರು ಬಿಚ್ಚಿಕೊಡಲು ಬಂದಾಗ, ಆಗಲೇ ಕರಡಿನಲ್ಲಿದ್ದ ಅಂಶ ೧೨ನ್ನು ನೆನಪಿಸಿ ಗದರಲಾಯಿತು.

ಪರಿಶೀಲನೆಯಲ್ಲಿ ಕಂಡದ್ದು: ಪ್ರತಿ ಮರದ ಬೊಡ್ಡೆಯ ಮೇಲೂ ಗೀಟುಗಳಿವೆ. ಒಂದರ ಪಕ್ಕ ಒಂದು, ಧನುರ್ಮಾಸ ಹಿಡಿದ ದಿನದಿಂದ ನಿನ್ನೆಯವರೆಗೆ, ಒಂದೂ ತಪ್ಪಿಲ್ಲ. ಮೊದಮೊದಲ ಗೀಟುಗಳು ನೆಟ್ಟಗಿವೆ. ಚಳಿ ಹೆಚ್ಚಿದಂತೆ ನಡುಗಿ ಸೊಟ್ಟಗಾಗಿವೆ. ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ದಿನದ್ದು ಗೀಟಲ್ಲ, ಬರೀ ಬಳಿದ ಹಾಗಿದೆ. ನಿನ್ನೆಯದು ಮತ್ತೆ ನೆಟ್ಟಗಿದೆ. ಮರಗಟ್ಟಿದ ಬೆರಳಿನಲ್ಲಿ ಸೀಮೆಸುಣ್ಣ ಹಿಡಿದವರಿಗೆ ಮಾತ್ರ ಇಂಥ ಸೊಟ್ಟ ಗೀಟು ಬರುತ್ತದೆ. ಮುಖ್ಯಸ್ಥರು ತಾವೂ ಬರಿಗೈಯಲ್ಲಿ ಒಂದು ಗೀಟು ಎಳೆಯಲು ಹೋಗಿ ಸೀಮೆಸುಣ್ಣ ಕೈಬಿಟ್ಟಿದ್ದಾರೆ. ಮೂರು ಸಲ.

ಆದ್ದರಿಂದ ಈ ಮೂಲಕ ತೀರ್ಮಾನಿಸಿರುವುದೇನೆಂದರೆ: ಮುತ್ತಮ್ಮ ಅವರು ಅಷ್ಟೂ ದಿನ ಹಾಜರಿದ್ದರು. ಇದನ್ನು ಒಪ್ಪಲು ಮೇಲಿನ ಕಚೇರಿಗೆ ಕಷ್ಟವಾದರೆ, ಮರಗಳು ಸೀಮೆಸುಣ್ಣ ಹಿಡಿದು ತಮ್ಮ ಹಾಜರಾತಿಯನ್ನು ತಾವೇ ಹಾಕಿಕೊಂಡಿವೆ ಎಂದು ಒಪ್ಪತಕ್ಕದ್ದು. ಹಾಗೆ ಒಪ್ಪಿದಲ್ಲಿ ಅಂಥ ಮರಗಳನ್ನು ಕೂಡಲೇ ಕಾಯಂ ಮಾಡತಕ್ಕದ್ದು. ಬಿಸಿಲು, ಮಳೆ, ಚಳಿ ಎನ್ನದೆ, ರಜೆ ಕೇಳದೆ, ಜಾಗ ಬಿಟ್ಟು ಕದಲದೆ ನಿಂತಿರುವುದರಿಂದ ಅವು ಈ ಇಲಾಖೆಯ ಹಲವರಿಗಿಂತ ಅರ್ಹವಾಗಿವೆ. ಆದರೆ ಅವು ಸೈಕಲ್ ತುಳಿಯಲಾರವು. ಮುತ್ತಮ್ಮ ತುಳಿಯುತ್ತಾರೆ. ಮುತ್ತಮ್ಮ ಅವರನ್ನೇ ಕಾಯಂ ಮಾಡುವುದು ಇಲಾಖೆಗೆ ಅನುಕೂಲ. ಮಾಡಲಾಗಿದೆ.

೧೫. ಈ ಸುತ್ತೋಲೆಗೆ ಯಂತ್ರದಲ್ಲಿ ಬೆರಳಚ್ಚು ಕೊಟ್ಟು ಸಹಿ ಮಾಡಬೇಕೆಂಬ ನಿಯಮವಿದೆ. ಕೊಡಲಾಯಿತು. ಯಂತ್ರವು ‘ಪ್ಲೀಸ್ ಟ್ರೈ ಅಗೇನ್’ ಎಂದಿತು. ಮತ್ತೆ ಕೊಡಲಾಯಿತು. ಕೈಗಳನ್ನು ಕಾಫಿ ಲೋಟಕ್ಕೆ ಒತ್ತಿ, ಕಂಕುಳಲ್ಲಿಟ್ಟು, ಯಂತ್ರಕ್ಕೆ ಎರಡು ಮಾತು ಬೈದು, ಮತ್ತೆ ಕೊಡಲಾಯಿತು. ಪರಿಣಾಮವಾಗಿ ಈ ಕಚೇರಿಯ ಮುಖ್ಯಸ್ಥರು ಇಂದು ಗೈರುಹಾಜರು ಎಂದು ದಾಖಲಾಗಿದೆ. ಗೈರುಹಾಜರಾದ ಅಧಿಕಾರಿ ಹೊರಡಿಸಿದ್ದು ಎಂಬ ಕಾರಣಕ್ಕೆ ಈ ಸುತ್ತೋಲೆ ಅಸಿಂಧು ಎಂದು ಯಾರಾದರೂ ವಾದಿಸುವುದಾದರೆ, ನಾಳೆ ಬೆಳಿಗ್ಗೆ ಬರಿಗೈಯಲ್ಲಿ ಬೇಲೂರು ರಸ್ತೆಯಲ್ಲಿ ಸೈಕಲ್ ತುಳಿದು ಬಂದು, ಅನಂತರ ವಾದಿಸತಕ್ಕದ್ದು.

ಪೆನ್ನು ಹಿಡಿಯಲು ಆದಷ್ಟು ಮಟ್ಟಿಗೆ ಸಹಿ ಮಾಡಲಾಗಿದೆ. ಸಹಿ ಸೊಟ್ಟಗಿದ್ದರೆ ಅದನ್ನೇ ಚಳಿಯ ದೃಢೀಕರಣವೆಂದು ತಿಳಿಯತಕ್ಕದ್ದು.

ಸಹಿ/-
(ಷಡಕ್ಷರಪ್ಪ)
ಅಧೀಕ್ಷಕರು (ಇಂದಿನ ಮಟ್ಟಿಗೆ ಗೈರುಹಾಜರು)
ಸಾಲುಮರ ಎಣಿಕೆ ವಿಭಾಗ, ಹಳೇಬೀಡು

ಮೇಲೆ ಸಹಿ ಮಾಡಿದವರು ಬೆಳಿಗ್ಗೆಯಿಂದ ನನ್ನ ಹಿಂದೆಯೇ ಇದ್ದರು. ಗುರುತಿಗೆ ಅವರ ಕೋಟಿನ ಬೆನ್ನ ಮೇಲೆ ಒಂದು ಗೀಟು ಎಳೆದಿದ್ದೇನೆ. ಹಾಜರು.
ಸಹಿ/- ಮುತ್ತಮ್ಮ, ಕ್ಷೇತ್ರ ಸಹಾಯಕಿ (ಕಾಯಂ)

ಪ್ರತಿ:
೧. ಮೇಲಿನ ಕಚೇರಿಗೆ, ಮಾಹಿತಿಗಾಗಿ. ಕೈ ಬೆಚ್ಚಗಿರುವಾಗ ಓದಲು ಕೋರಿದೆ.
೨. ಕೆಂಚಪ್ಪ, ಅರಸೀಕೆರೆ ಶಾಖೆ. ಅಂಶ ೪ನ್ನು ಬೋರಮ್ಮ ಅವರಿಗೆ ತೋರಿಸದಿರುವುದು ಅವರ ವಿವೇಚನೆಗೆ ಬಿಟ್ಟದ್ದು.
೩. ಮೇಘಶ್ರೀ, ಬೇಲೂರು ಶಾಖೆ. ಕೃತಜ್ಞತೆಯೊಂದಿಗೆ. ನೋಟಿಸ್ ಹಿಂಪಡೆಯಲಾಗಿದೆ. ಖುಷಿಗೆ ತುಳಿಯಬಹುದು.
೪. ಇಂದುಧರ, ವಿಷಯ ನಿರ್ವಾಹಕರು. ಉಳಿದ ಪ್ಲಾಸ್ಟಿಕ್ ಚೀಲಗಳ ಕಟ್ಟಿನೊಂದಿಗೆ, ವಿಲೇವಾರಿಗಾಗಿ. ವ್ಯಾಕರಣದ ಪುಸ್ತಕವನ್ನೂ ಅದರಲ್ಲೇ ಹಾಕಬಹುದು.
೫. ಗುರುಸಿದ್ದಮ್ಮ, ರಾಗಿ ಒಡತಿ. ಕೆಂಚಪ್ಪ ಅವರನ್ನು ನಾಳೆ ಕಳುಹಿಸಲು ಬರುವುದಿಲ್ಲ ಎಂದು ತಿಳಿಸಲು.
೬. ಜೀಪಿನಲ್ಲಿರುವ ಕೋಳಿಗೆ. ತೊಂದರೆ ಕೊಡದಂತೆ ಬಾಗಿಲಿನ ಕೆಳಗೆ ತೂರಿಸತಕ್ಕದ್ದು.
೭. ಹಳೇಬೀಡು–ಬೇಲೂರು ರಸ್ತೆಯ ಮರಗಳಿಗೆ. ದಾರದಲ್ಲಿ ಕಟ್ಟತಕ್ಕದ್ದು, ಮೊಳೆ ಹೊಡೆಯಕೂಡದು.
೮. ಬೆರಳಚ್ಚು ಯಂತ್ರಕ್ಕೆ. ಎದುರು ನಿಂತು ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಒಪ್ಪದಿದ್ದರೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸತಕ್ಕದ್ದು.